ಇದೇ ನಿಮ್ಮ ಮೊದಲ ಮನೆನಾ?

"ಇದೇ ನಿಮ್ಮ ಮೊದಲ ಮನೆನಾ?" ತೆರಿಗೆ ಆಫೀಸಿನ ಕೌಂಟರಿನ ಆಚೆ ಕೂತಿದ್ದ ಆಫೀಸರಮ್ಮ ಕೇಳಿದರು.

"ಹೌದು ಮೇಡಂ," ಎಂದರು ಅಪ್ಪ.

ಬುಗುರಿ ಪಕ್ಕದಲ್ಲೇ ನಿಂತಿದ್ದಳು. ಒಂದು ಕಡೆ ನಿಲ್ಲದೆ ಸುತ್ತುತ್ತಾಳೆಂದೇ ಅವಳಿಗೆ ಆ ಹೆಸರು. ಫಾರಂ ತುಂಬಿದವಳೂ ಅವಳೇ. ಅಪ್ಪ ಬರೆದದ್ದನ್ನು ಅಪ್ಪನಿಗೇ ಓದಲು ಆಗುವುದಿಲ್ಲ.

ತುಂಬುವಾಗ ಅಪ್ಪ ಹೇಳಿದ್ದರು. "ವರ್ಷಾ ವರ್ಷಾ ನನ್ನ ಸಂಬಳದಲ್ಲಿ ಸರ್ಕಾರ ತೆರಿಗೆ ಹಿಡಿಯುತ್ತಲ್ಲ, ಮೊದಲ್ನೇ ಸಲ ಮನೆ ಕಟ್ಟಿಸೋರಿಗೆ ಅದರಲ್ಲಿ ಒಂದಿಷ್ಟು ವಾಪಸ್ ಕೊಡ್ತಾರೆ. ಆದ್ರೆ ಮುಂಚೆ ಸ್ವಂತ ಮನೆ ಇರಬಾರದು. ಇತ್ತು ಅಂದ್ರೆ ಒಂದು ಪೈಸೆನೂ ಇಲ್ಲ."

ಆ ದುಡ್ಡು ಬಂದರೆ ಅರ್ಧ ಕಟ್ಟಿದ ಹೊಸ ಮನೆಗೆ ಬಾಗಿಲು, ಕಿಟಕಿ. ಬಾರದಿದ್ದರೆ ಇನ್ನೊಂದು ವರ್ಷ ಬಾಡಿಗೆಯ ಒಂದೇ ಕೋಣೆ. ಅಲ್ಲಿ ಅಮ್ಮ ಹೊಲಿಗೆ ಮೆಷಿನ್ ಸರಿಸಿದ ಮೇಲೇ ಬುಗುರಿ ಕಾಲು ಚಾಚಬೇಕು.

ಆಫೀಸರಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನೀನು ನನ್ನ ಮಗಳ ಬೆಂಚಲ್ಲಿ ಕೂರೋಳಲ್ವಾ?"

ಬುಗುರಿ ಅಪ್ಪನ ಹಿಂದಕ್ಕೆ ಸರಿದಳು.

"ಮನೇಲಿ ದಿನಾ ನಿನ್ನದೇ ಮಾತು. ನಿಮ್ಮದು ಎರಡು ಮಹಡಿ ಮನೆಯಂತೆ. ಮೆಟ್ಟಿಲಿಗೆಲ್ಲ ಬಿಳಿ ಕಲ್ಲು, ಬಾತ್‌ರೂಮು ಪೂರ್ತಿ ನೀಲಿ ಟೈಲ್ಸು." ಆಮೇಲೆ ಅಪ್ಪನ ಕಡೆ ತಿರುಗಿದರು. "ಕಿವಿಗೆ ಬಿದ್ದ ಮೇಲೆ ಕೇಳದೆ ಇರೋಕಾಗಲ್ಲ ನೋಡಿ."

ಅಪ್ಪ ತಬ್ಬಿಬ್ಬಾದರು. "ಎರಡು ಮಹಡಿನಾ? ನಮ್ದಾ?"

ನಿಜ ಏನೆಂದರೆ, ಬುಗುರಿ ಕ್ಲಾಸಿನಲ್ಲಿ ರೈಲು ಬಿಟ್ಟಿದ್ದಳು. ಸಣ್ಣ ರೈಲಲ್ಲ, ಹತ್ತು ಬೋಗಿಯದು. ಎಲ್ಲರೂ ತಮ್ಮ ತಮ್ಮ ರೂಮು, ಬಾಲ್ಕನಿ ಎಂದು ಹೇಳಿಕೊಳ್ಳುವಾಗ ಅವಳಿಗೆ ಒಂದು ಕೋಣೆಯ ಮನೆ ಎನ್ನಲು ಬಾಯಿ ಬರಲಿಲ್ಲ. ಅಪ್ಪನದು ಕಂಪನಿಯೊಂದರಲ್ಲಿ ಟೈಲ್ಸ್ ಕೂರಿಸುವ ಕೆಲಸ. ರಜೆಯಲ್ಲಿ ಅಪ್ಪನ ಜೊತೆ ಹೋಗಿ ನೋಡಿದ ಮನೆಯನ್ನೇ "ನಮ್ಮನೆ" ಎಂದುಬಿಟ್ಟಿದ್ದಳು.

ಈಗ ಬಾಯಿ ಬಿಟ್ಟರೆ ನಾಳೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಬಿಡದಿದ್ದರೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ.

"ಆಂಟಿ, ಅದು ಸುಳ್ಳು," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದಳು. "ಅದು ನಮ್ಮನೆ ಅಲ್ಲ. ಅಪ್ಪ ಟೈಲ್ಸ್ ಹಾಕಿದ ಮನೆ. ನಾವಿರೋದು ಒಂದೇ ರೂಮಲ್ಲಿ. ಫಾರಮ್ಮಲ್ಲಿರೋದೇ ನಿಜ. ಅಪ್ಪಂದೇನೂ ತಪ್ಪಿಲ್ಲ."

ಅಷ್ಟು ಹೇಳುವಷ್ಟರಲ್ಲಿ ಅಳು ಬಂದೇಬಿಟ್ಟಿತು.

ಆಫೀಸರಮ್ಮ ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. ಬಾಡಿಗೆ ಕರಾರಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಅಪ್ಪನ ಹೆಸರಲ್ಲೂ ಬೇರೆ ಮನೆ ಇಲ್ಲ, ಅಮ್ಮನ ಹೆಸರಲ್ಲೂ ಇಲ್ಲ," ಎಂದರು ಕೊನೆಗೆ. "ನಾವು ನಂಬೋದು ದಾಖಲೆನ ಕಣಮ್ಮ, ಬೆಂಚಿನ ಮೇಲಿನ ಮಾತನ್ನಲ್ಲ." ಫಾರಂ ಮೇಲೆ ಟಪ್ಪೆಂದು ಸೀಲು ಬಿತ್ತು. "ಮುಂದಿನ ತಿಂಗಳು ದುಡ್ಡು ಖಾತೆಗೆ ಬರುತ್ತೆ. ಮಗಳಿಗೆ ನಾನೇನೂ ಹೇಳಲ್ಲ. ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು."

ಬುಗುರಿಗೆ ಹೋದ ಜೀವ ಬಂದಂತಾಯಿತು. ಅಪ್ಪ ಎರಡೆರಡು ಸಲ ಥ್ಯಾಂಕ್ಸ್ ಹೇಳಿದರು.

ಬಸ್‌ಸ್ಟಾಪಿನವರೆಗೂ ಅಪ್ಪ ಬೇಗ ಬೇಗ ನಡೆದರು. ಈಗ ಬೈಗುಳ ಗ್ಯಾರಂಟಿ ಎಂದು ಬುಗುರಿ ಕಾಯುತ್ತಿದ್ದಳು.

"ಆ ನೀಲಿ ಬಾತ್‌ರೂಮು ಅಷ್ಟು ಚೆನ್ನಾಗಿತ್ತಾ?" ಎಂದರು ಅಪ್ಪ.

"ತುಂಬಾ."

"ಪೈಪಿನ ಸುತ್ತ ಟೈಲ್ಸ್ ಕಟ್ ಮಾಡೋಕೆ ಎರಡು ದಿನ ಹಿಡೀತು. ಒಂದು ಗೆರೆ ಆಚೀಚೆ ಆಗಲಿಲ್ಲ. ಅದನ್ನ ಹೇಳಿದ್ಯಾ?"

ಇಲ್ಲವೆಂದು ಬುಗುರಿ ತಲೆಯಾಡಿಸಿದಳು. ಕಲ್ಲಿನ ಬಣ್ಣ ಹೇಳಿದ್ದಳು, ಮೆಟ್ಟಿಲು ಎಷ್ಟೆಂದೂ ಹೇಳಿದ್ದಳು. ಅಷ್ಟು ಉದ್ದದ ಕತೆಯಲ್ಲಿ ಅಪ್ಪ ಒಂದು ಕಡೆಯೂ ಇರಲಿಲ್ಲ. ಅವಳಿಗೆ ತುಂಬಾ ಬೇಜಾರಾಯಿತು. ಸಿಮೆಂಟಿಗೆ ಬಿರಿದಿದ್ದ ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ದುಂಡಗೆ ಹೇಗಪ್ಪ ಕಟ್ ಮಾಡ್ತೀಯ? ಸರಿಯಾಗಿ ಹೇಳು. ನಾಳೆ ನಾನು ಆ ಆಂಟಿ ಮಗಳಿಗೆ ಹೇಳ್ಬೇಕು."

ಅಪ್ಪ ಇನ್ನೊಂದು ಕೈಯಿಂದ ಗಾಳಿಯಲ್ಲೇ ಗೆರೆ ಎಳೆದು ತೋರಿಸತೊಡಗಿದರು.