ಹದಿನೇಳು ಮಂದಿಯ ಕೊನೆಯ ಪರೀಕ್ಷೆ

ಬೆಳಗ್ಗೆ ಏಳು ಗಂಟೆ. ಶಾಲೆಯ ಮಾಳಿಗೆ ಹತ್ತಿದ ತಮಾದುರ್ ಕಿರುಚಿದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು.

ಇಖ್ಲಾಸ್ ಬೇಯುತ್ತಿದ್ದ ಫೂಲ್ ಕಾಳಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಓಡಿದಳು. ಮೆಟ್ಟಿಲ ಮೇಲೆ ಕಾಲಿಗೆ ಏನೋ ತಗುಲಿತು. ಕಾಫಿ ಕುಟ್ಟುವ ಕಬ್ಬಿಣದ ಒನಕೆ. ಮಾಳಿಗೆಯಲ್ಲಿ ಮಗಳು ಕುಸಿದು ಕೂತಿದ್ದಳು. ಎದುರಿಗೆ ಇಂಟರ್ನೆಟ್ ಡಿಶ್ ಮಗುಚಿ ಬಿದ್ದಿತ್ತು. ಅದರ ಮುಖ ಜಜ್ಜಿಹೋಗಿತ್ತು.

"ಸಂಜೆ ಪರೀಕ್ಷೆ ಅಮ್ಮಾ," ಎಂದಳು ತಮಾದುರ್. "ಕೊನೇದು."

ಯುದ್ಧಕ್ಕೆ ಹೆದರಿ ಖಾರ್ತೂಮ್ ಬಿಟ್ಟು ಓಡಿಬಂದು ಶಾಲೆಯಲ್ಲಿ ತಂಗಿದ್ದವರಿಗೆ ನೈಲ್ ದಂಡೆಯ ಆ ಹಳ್ಳಿಯಲ್ಲಿ ಹೊರಲೋಕದೊಂದಿಗೆ ಉಳಿದಿದ್ದ ನಂಟು ಆ ಡಿಶ್ ಒಂದೇ. ಫೋನಿನ ಟವರ್ ಸತ್ತು ಎರಡು ವರ್ಷವಾಗಿತ್ತು. ಸಂಜೆ ಐದರಿಂದ ಎಂಟರವರೆಗೆ ಜನರೇಟರ್ ಓಡುತ್ತಿತ್ತು, ಡಿಶ್‌ಗೆ ಜೀವ ಬರುತ್ತಿತ್ತು. ಒಂದೇ ಕಾಲೇಜಿನ ಹದಿನೇಳು ಫಾರ್ಮಸಿ ವಿದ್ಯಾರ್ಥಿಗಳು ಫೋನು ಹಿಡಿದು ವರಾಂಡದಲ್ಲಿ ಕೂರುತ್ತಿದ್ದರು. ಅವರನ್ನು ಒಟ್ಟುಗೂಡಿಸಿದವರು, ಡಿಶ್ಶನ್ನು ನೋಡಿಕೊಳ್ಳುತ್ತಿದ್ದವರು ಅದೇ ಕಾಲೇಜಿನ ಮೇಷ್ಟ್ರು, ಉಸ್ತಾದ್ ಅವದ್. ಕಟ್ಟಡ ಸುಟ್ಟುಹೋದರೂ ಕಾಲೇಜು ನೆಟ್‌ನಲ್ಲಿ ಬದುಕಿದೆ ಎಂದು ಧೈರ್ಯ ಹೇಳಿದವರೂ ಅವರೇ. ಪಾಠ, ಪ್ರಶ್ನೆಪತ್ರಿಕೆ, ಅಂಕ ಎಲ್ಲ ಆ ಡಿಶ್‌ನಿಂದಲೇ ಇಳಿಯುತ್ತಿತ್ತು. ಈವತ್ತಿನ ಪರೀಕ್ಷೆ ಮುಗಿದರೆ ಪದವಿ.

ಇಖ್ಲಾಸ್ ಖಾರ್ತೂಮ್ ಪಕ್ಕದ ಒಮ್ದುರ್ಮಾನ್ ಪೊಲೀಸಿನಲ್ಲಿ ಹತ್ತೊಂಬತ್ತು ವರ್ಷ ಅಪರಾಧ ವಿಭಾಗದಲ್ಲಿದ್ದವಳು. ಓಡಿಬರುವ ಮುಂಚೆ ಸಮವಸ್ತ್ರವನ್ನು ತನ್ನ ಕೈಯಿಂದಲೇ ಸುಟ್ಟಿದ್ದಳು. ಕಣ್ಣು ಮಾತ್ರ ಹಳೆಯದೇ. ಅವಳು ಮೊದಲು ನೋಡಿದ್ದು ಡಿಶ್ಶನ್ನಲ್ಲ, ತಂತಿಯನ್ನು. ಪ್ಲಗ್ ಕಳಚಿ, ತಂತಿಯನ್ನು ಉಂಡೆಯಾಗಿ ಸುತ್ತಿ, ಬಟ್ಟೆಯ ಚೂರಿನಿಂದ ಕಟ್ಟಿ ಗೋಡೆಯ ನೆರಳಿನಲ್ಲಿ ಇಟ್ಟಿದ್ದರು.

* * *

ಅವಳು ಮಾಳಿಗೆಯೆಲ್ಲ ಹುಡುಕಿ ನೋಡಿ ಕೆಳಗಿಳಿಯುವಷ್ಟರಲ್ಲಿ ಅಪರಾಧಿ ಸಿಕ್ಕಿಬಿದ್ದಿದ್ದ.

ಒನಕೆ ಅಂಗಳದಲ್ಲಿ ಚಹಾ, ಕಾಫಿ ಮಾರುವ ಸಿತ್ತನಾಳದು. ಸಿತ್ತನಾಳ ಮಗ ಹಮ್ಮಾದ್ ಹದಿನೇಳರಲ್ಲಿ ಒಬ್ಬ. ಎರಡು ವಿಷಯದಲ್ಲಿ ಒಮ್ಮೆ ನಪಾಸಾಗಿದ್ದವನು. "ಆ ಡಿಶ್‌ಗೆ ಸಿಡಿಲು ಬಡಿಯ!" ಎಂದು ನಿನ್ನೆ ಎಲ್ಲರೆದುರಿಗೇ ಅಂದಿದ್ದ. ಇನ್ನೇನು ಬೇಕು? ಸಹಪಾಠಿಗಳೇ ಅವನನ್ನು ಹಿಡಿದು ಬಡಿದಿದ್ದರು. ಬಲಗೈಯ ಎರಡು ಬೆರಳು ಮುರಿದಿದ್ದವು. ಉಗ್ರಾಣಕ್ಕೆ ನೂಕಿ ಚಿಲಕ ಹಾಕಿದ್ದರು.

"ಶತ್ರು ಕಡೆಯ ಗೂಢಚಾರ ಕಣಮ್ಮ ಅವ್ನು," ಎಂದರು ಊರ ಹಿರಿಯ ಹಾಜಿ ಬಾಬಿಕಿರ್. "ಚೆಕ್‌ಪೋಸ್ಟಿನವರಿಗೆ ಹೇಳಿಕಳಿಸಿದೀನಿ. ಮಧ್ಯಾಹ್ನ ಗಾಡಿ ಬರುತ್ತೆ."

ಚೆಕ್‌ಪೋಸ್ಟಿನ ಬಂದೂಕಿನವರು ಗೂಢಚಾರನೆಂದು ಕರೆದೊಯ್ದವರಲ್ಲಿ ಯಾರೂ ಆವರೆಗೆ ಹಿಂತಿರುಗಿರಲಿಲ್ಲ.

"ಹಾಜಿ, ಒನಕೆ ರಾತ್ರಿಯೆಲ್ಲ ಅಂಗಳದಲ್ಲೇ ಬಿದ್ದಿರುತ್ತೆ. ಯಾರು ಬೇಕಾದರೂ ಎತ್ತಿಕೊಳ್ಳಬಹುದು."

"ಪೊಲೀಸಮ್ಮ, ನಿನ್ನ ಠಾಣೆ ಒಮ್ದುರ್ಮಾನಲ್ಲೇ ಉಳೀತು. ಇಲ್ಲಿ ಬೇಡ."

ಉಗ್ರಾಣದ ಕಿಂಡಿಯಲ್ಲಿ ಹಮ್ಮಾದ್‌ನ ಮುಖ ಊದಿಕೊಂಡು ಕಾಣಿಸಿತು.

"ನೀನೇ ಒಡೆದದ್ದೇನೋ?"

"ನಾನ್ಯಾಕೆ ಒಡೀಲಿ ಖಾಲಾ? ಈವತ್ತು ಪಾಸಾದ್ರೆ ನಮ್ಮಮ್ಮನ ಕೈಯಿಂದ ಆ ಕೆಟಲ್ ಕಿತ್ತು ಎಸೀತೀನಿ ಅಂದ್ಕೊಂಡಿದ್ದೆ."

* * *

ಹದಿನಾರು ಮಂದಿ ವರಾಂಡದಲ್ಲಿ ಅಳುತ್ತಿದ್ದರು. ಉಸ್ತಾದ್ ಅವದ್ ಸಮಾಧಾನ ಮಾಡಿಹೋಗಿದ್ದರು.

"ಉಸ್ತಾದ್ ಏನಂದ್ರು?" ಇಖ್ಲಾಸ್ ಮಗಳನ್ನು ಕೇಳಿದಳು.

"ಹೆದರಬೇಡಿ ಅಂದ್ರು. ಕಾಲೇಜಿನವರು ಪರೀಕ್ಷೆ ಮುಂದಕ್ಕೆ ಹಾಕಿದಾರಂತೆ."

"ಯಾವಾಗ ಹಾಕಿದ್ರು?"

"ಈಗ..." ತಮಾದುರ್ ಅಲ್ಲಿಗೇ ನಿಲ್ಲಿಸಿದಳು.

ಡಿಶ್ ಒಡೆದಿದೆ. ಫೋನಿನ ಟವರಿಲ್ಲ. ಒಡೆದ ಸುದ್ದಿ ಕಾಲೇಜಿಗೆ ಮುಟ್ಟಿಸಿದವರು ಯಾರು? ಅಲ್ಲಿಂದ ಉತ್ತರ ಬಂದದ್ದು ಹೇಗೆ?

"ನಿನ್ನ ಫೋನು ಕೊಡು. ಕಾಲೇಜಿನಿಂದ ಬಂದ ಮೇಲ್ ಎಲ್ಲ ತೋರಿಸು."

ಎರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಮೇಲ್‌ಗಳು. ಒಂದೊಂದರ ಮೇಲೂ ಕಳಿಸಿದ ಹೊತ್ತು. ಐದೂವರೆ. ಆರೂ ಹತ್ತು. ಏಳೂ ಮುಕ್ಕಾಲು. ಒಂದೂ ಬೆಳಗಿನದಿಲ್ಲ. ಒಂದೂ ಎಂಟರ ಮೇಲಿನದಿಲ್ಲ. ಇಖ್ಲಾಸ್ ರಂಜಾನಿನ ತಾರೀಖುಗಳಿಗೆ ಸರಿಸಿದಳು. ರಂಜಾನಿನಲ್ಲಿ ಡೀಸೆಲ್ ಮುಗಿದು ಹನ್ನೆರಡು ದಿನ ಡಿಶ್ ಮಲಗಿತ್ತು. ಮತ್ತೆ ಎದ್ದಾಗ ಕೈರೋದಲ್ಲಿರುವ ತಂಗಿ ಆ ದಿನಗಳಲ್ಲಿ ಕಳಿಸಿದ್ದೆಲ್ಲ ಒಮ್ಮೆಲೇ ಸುರಿದಿತ್ತು. ಕಾಲೇಜಿನಿಂದ ಆ ಹನ್ನೆರಡು ದಿನದ್ದು ಒಂದು ಸಾಲೂ ಇರಲಿಲ್ಲ.

ಮೇಲ್‌ಗಳು ಹೊರಟದ್ದೂ ಈ ಡಿಶ್‌ನಿಂದಲೇ. ಇಳಿದದ್ದೂ ಈ ಡಿಶ್‌ಗೇ.

"ಏನಾಯ್ತಮ್ಮ?" ಎಂದಳು ತಮಾದುರ್.

ಇಖ್ಲಾಸ್ ಫೋನು ವಾಪಸ್ ಕೊಟ್ಟಳು. ಮಾಳಿಗೆಯ ಮೆಟ್ಟಿಲ ಮೇಲೆ ಹೋಗಿ ಒಬ್ಬಳೇ ಬಹಳ ಹೊತ್ತು ಕೂತಳು.

* * *

ಗಾಡಿ ದೂಳೆಬ್ಬಿಸುತ್ತ ಬರುವುದು ಕಂಡಾಗ ಅವಳು ಎದ್ದು ಅಂಗಳದ ನಡುವೆ ನಿಂತಳು.

"ಹಾಜಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತಿದೀರಿ. ಗಾಡಿ ವಾಪಸ್ ಕಳಿಸಿ."

"ಹಾಗಾದ್ರೆ ಯಾರು?"

"ಸಿಟ್ಟಿನಲ್ಲಿ ಒಡೆಯೋನು ತಂತಿ ಸುತ್ತಿಡಲ್ಲ. ಆ ಡಿಶ್ಶನ್ನ ಎರಡು ವರ್ಷ ಮಗು ಥರ ನೋಡಿಕೊಂಡವರು ಮಾಡಿದ್ದು. ಒಡೆಯುವಾಗಲೂ ತಂತಿ ಹಾಳುಮಾಡೋಕೆ ಮನಸ್ಸು ಬಂದಿಲ್ಲ." ಅವಳು ತಿರುಗಿದಳು. "ಉಸ್ತಾದ್, ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಅವದ್ ಬೇವಿನ ಮರಕ್ಕೆ ಒರಗಿದ್ದರು. ಉಗ್ರಾಣದ ಕಡೆ ಕೈ ತೋರಿಸಿದರು.

"ಹುಡುಗನ್ನ ಬಿಡಿ," ಎಂದರು. "ನಾನೇ ಒಡೆದೆ."

"ಯಾಕೆ ಉಸ್ತಾದ್?" ಯಾರೋ ಕೂಗಿದರು. "ಪರೀಕ್ಷೆ ಇತ್ತಲ್ಲ!"

"ಪರೀಕ್ಷೆ ಇಲ್ಲ. ಕಾಲೇಜೂ ಇಲ್ಲ. ಕಟ್ಟಡದ ಜೊತೆ ಕಡತ ಸುಟ್ಟಿತು, ಕಂಪ್ಯೂಟರ್ ಸುಟ್ಟಿತು. ನಿಮ್ಮ ಹೆಸರು ಈಗ ಎಲ್ಲೂ ಇಲ್ಲ." ಅವರು ಯಾರ ಮುಖವನ್ನೂ ನೋಡಲಿಲ್ಲ. "ನೀವು ಬಂದಾಗ ಹೇಗಿದ್ರಿ, ನೆನಪಿದೆಯಾ? ಮೂರು ಹುಡುಗರು ಬಂದೂಕು ಹಿಡಿಯೋಕೆ ಹೊರಟಿದ್ರು. ಒಂದು ಮೇಲ್ ಕಳಿಸಿದೆ. ಕಾಲೇಜು ಶುರುವಾಗಿದೆ ಅಂತ. ಎಲ್ಲರೂ ಪುಸ್ತಕ ಹಿಡಿದ್ರಿ. ಆಮೇಲೆ ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ಅಂಕ ಕೊಡಬಹುದಿತ್ತು. ಪದವಿ ಎಲ್ಲಿಂದ ತರಲಿ? ಡಿಶ್ ಹೋದ್ರೆ ಎಲ್ಲ ಯುದ್ಧದ ಲೆಕ್ಕಕ್ಕೆ ಹೋಗುತ್ತೆ ಅಂದ್ಕೊಂಡೆ. ಹಮ್ಮಾದ್‌ನ ಹಿಡೀತಾರೆ ಅಂತ ಅನ್ಕೊಂಡಿರಲಿಲ್ಲ."

"ಹಿಡಿದ ಮೇಲೆ?" ಕೇಳಿದ್ದು ಸಿತ್ತನಾ. "ಬೆರಳು ಮುರಿಯುವಾಗ ಇಲ್ಲೇ ನಿಂತಿದ್ರಲ್ಲ?"

ಅವದ್ ಹೋಗಿ ಉಗ್ರಾಣದ ಚಿಲಕ ತೆಗೆದರು.

ಹಾಜಿ ಗಾಡಿಗೆ ಎದುರಾಗಿ ಹೋಗಿ ಏನೋ ಹೇಳಿ ಅದನ್ನು ತಿರುಗಿಸಿ ಕಳಿಸಿದರು.

ಹದಿನಾರು ಮಂದಿಯಲ್ಲಿ ಯಾರೂ ಮೇಷ್ಟ್ರ ಮೇಲೆ ಕೈಮಾಡಲಿಲ್ಲ. ಬೈಯಲೂ ಇಲ್ಲ. ತಮಾದುರ್ ಮಾತ್ರ ಹತ್ತಿರ ಹೋಗಿ ನಿಂತಳು.

"ನನಗೆ ಎಂಬತ್ತೆರಡು ಬಂದಿತ್ತಲ್ಲ, ಉಸ್ತಾದ್?"

"ಅದು ಸುಳ್ಳಲ್ಲಮ್ಮ. ಎರಡು ಸಲ ತಿದ್ದಿದೀನಿ. ಎಂಬತ್ತೆರಡೇ."

"ಯಾರಿಗೆ ತೋರಿಸ್ಲಿ?"

* * *

ಮೂರನೇ ದಿನ ಕೂಲಿಯಾಳುಗಳನ್ನು ಒಯ್ಯಲು ಚಿನ್ನದ ಗಣಿಯ ಲಾರಿ ಬಂತು. ಐದು ಹುಡುಗರು ಹತ್ತಿದರು. ಮತ್ತಿಬ್ಬರು ಬಂದೂಕಿನವರ ಜೊತೆ ಹೋದರು. ಹಮ್ಮಾದ್‌ನ ಬೆರಳುಗಳು ಸೊಟ್ಟಗೆ ಕೂಡಿಕೊಳ್ಳುತ್ತಿದ್ದವು. ಅವನನ್ನು ಗಣಿಯವರೂ ಬಂದೂಕಿನವರೂ ಬೇಡವೆಂದರು.

ತಮಾದುರ್ ಊಟ ಬಿಟ್ಟಿದ್ದಳು. ಆ ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದವಳು ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

"ಅಮ್ಮಾ, ಹಮ್ಮಾದ್‌ನ ಬಿಡಿಸೋಕೆ ಬೇರೆ ಏನಾದ್ರೂ ಹೇಳಬಹುದಿತ್ತಲ್ಲ. ಗಾಳಿಗೆ ಬಿತ್ತು ಅಂತ. ನೀನು ಪೊಲೀಸು, ನಂಬ್ತಿದ್ರು. ಕಾಲೇಜು ಇದೆ ಅಂತಲೇ ನಾವೂ ಇರ್ತಿದ್ವಿ."

ಮೆಟ್ಟಿಲ ಮೇಲೆ ಕೂತಿದ್ದಾಗ ಇಖ್ಲಾಸ್ ಕೂಡ ಅದನ್ನೇ ಯೋಚಿಸಿದ್ದಳು. ಆಮೇಲೆ ಹತ್ತೊಂಬತ್ತು ವರ್ಷದ ಅಭ್ಯಾಸ ಅವಳನ್ನು ಎಬ್ಬಿಸಿ ನಿಲ್ಲಿಸಿತ್ತು.

"ಹೌದು," ಎಂದಳು. "ಹೇಳಬಹುದಿತ್ತು."

ತಮಾದುರ್ ಗೋಡೆಯ ಕಡೆ ಹೊರಳಿದಳು.