ನೇಕಾರ ಓಣಿಯ ಕಪ್ಪು ನೀರು

ನೆನೆಸಿದ ತಗಚೆ ಬೀಜ, ಸುಣ್ಣ, ಹುಳಿ ಬಂದ ಬೆಲ್ಲ. ಮೂರೂ ಸೇರಿದ ನೀಲಿ ಗಡಿಗೆಯ ವಾಸನೆಯೇ ನನ್ನ ಬಾಲ್ಯದ ವಾಸನೆ. ನೂಲಿಗೆ ನೀಲಿ ಹಾಕುವ ಮಾಬೂಬಿ ಖಾಲಾ ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದವಳು. ಅದಕ್ಕೇ ಆ ಮಂಗಳವಾರ ನಸುಕಿನಲ್ಲಿ ಬಾವಿಕಟ್ಟೆಯಿಂದ ಬಂದ ನಾತ ಅವಳ ಗಡಿಗೆಯದಲ್ಲ ಎಂದು ನನ್ನ ಮೂಗಿಗೆ ಕೂಡಲೇ ತಿಳಿಯಿತು. ಅದು ಕೊಳೆತ ತತ್ತಿಯ ನಾತ.

ಅದು ೧೯೩೮. ಹಳೇ ಹುಬ್ಬಳ್ಳಿಯ ನೇಕಾರ ಓಣಿ. ನಾನು ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಂದು, ಓಣಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ.

ಬಾವಿಯೊಳಗೆ ಇಣುಕಿದೆ. ನೀರು ಕಪ್ಪಾಗಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಡುವೆ ನೀಲಿ ಮೆತ್ತಿದ ಒಂದು ಒಡಕು ಗಡಿಗೆ.

“ಇನ್ನೇನು ಸಾಕ್ಷಿ ಬೇಕ್ರಿ?” ಓಣಿಯ ರೇಣವ್ವ ಮಾಬೂಬಿಯತ್ತ ಕೈ ಮಾಡಿ ಚೀರಿದಳು. ಕಂಕುಳಲ್ಲಿ ಕೂಸು. ಬಾವಿಕಟ್ಟೆಯ ಮೇಲೆ ಚೆಲ್ಲಿದ ನೀರಿನಲ್ಲೇ ನಿಂತಿದ್ದಳು. “ಈಕಿ ಗಡಿಗಿನ ಈಕಿನ್ನ ಹಿಡಕೊಟ್ಟೈತಿ!”

“ನಾಲ್ವತ್ತು ವರ್ಷ ಇದ ನೀರು ಕುಡದೇನಿ,” ಎಂದಳು ಮಾಬೂಬಿ. “ನಾ ಕುಡಿಯೂ ಬಾವಿಗೆ ನಾನ ಇಸ ಹಾಕ್ತೇನೇನು?”

ಓಣಿಯ ಹಿರಿಯರು ಕಿವಿಗೊಡಲಿಲ್ಲ. ಗಡಿಗೆಗಳನ್ನೆಲ್ಲ ಒಡೆಯಬೇಕು, ಅವಳು ಓಣಿ ಬಿಡಬೇಕು ಎಂದರು. ಗಂಡನಿಲ್ಲದ ಆ ಹೆಂಗಸಿನ ಹೊಟ್ಟೆ ನಡೆಯುತ್ತಿದ್ದದ್ದೇ ಆ ಗಡಿಗೆಗಳಿಂದ. ಬಣ್ಣ ಕದಡುವ ಕೋಲು ಹಿಡಿದು ಅವಳು ಬಾಗಿಲಿಗೆ ಅಡ್ಡ ನಿಂತಳು.

“ಮೊದಲ ನನ್ನ ತಲಿ ಒಡೀರಿ. ಆಮ್ಯಾಲ ಗಡಿಗಿ.”

ಅಷ್ಟರಲ್ಲಿ ಪೊಲೀಸ್ ಫೌಜದಾರ ಮೈಲಾರಲಿಂಗಪ್ಪ ಬಂದರು. “ಸಂಜೀತನಕ ಯಾರೂ ಏನೂ ಒಡೀಬ್ಯಾಡ್ರಿ,” ಎಂದರು. ಬಿಸಿಲಲ್ಲಿ ನಿಂತಿದ್ದ ಮಾಬೂಬಿಗೆ ತಮ್ಮ ತತ್ರಾಣಿಯ ನೀರನ್ನೇ ಕೊಟ್ಟರು. ಅದನ್ನು ನಾನು ಇಂದಿಗೂ ಮರೆತಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಫೌಜದಾರರಿಗೆ ಬೇರೊಬ್ಬನ ಮೇಲೆ ಸಂಶಯ ಬಂದಿತ್ತು. ರೇಣವ್ವನ ಗಂಡ ಫಕೀರಪ್ಪ. ಬಾವಿಯ ಹಿಂದೆಯೇ ಇದ್ದ ನೂಲು ಬಣ್ಣದ ಕಾರಖಾನೆಯಲ್ಲಿ ಕೆಲಸಗಾರ.

“ಭಾನುವಾರದಿಂದ ನೀನ ಕೊಡ ಹೊತ್ತು ಸ್ಟೇಶನ್ ನಳದ ನೀರು ತರಾಕತ್ತೀಯಂತ. ಯಾಕೋ?”

“ಹೆಂಡ್ತಿ ಬೆನ್ನು ನೋಯ್ತಿತ್ರಿ.”

“ನನ್ನ ಬೆನ್ನ?” ರೇಣವ್ವ ತಿರುಗಿದಳು. “ನನ್ನ ಬೆನ್ನಿಗೆ ಏನ ಧಾಡಿ ಆಗೇತಿ? ಮೈಯಾಗ ಹುಷಾರಿಲ್ಲದಾಗರ ಎಂದರ ಕೊಡ ಮುಟ್ಟೀಯೇನು?”

ಜನ ನಕ್ಕರು. ಫಕೀರಪ್ಪ ನೆಲ ನೋಡಿದ.

“ಅಕ್ಕೋರ, ಕಳ್ಳ ಸಿಕ್ಕ,” ಎಂದರು ಫೌಜದಾರರು ನನ್ನ ಕಡೆ ತಿರುಗಿ.

“ಬಾವಿ ಕೆಡತೈತಿ ಅಂತ ಅವಗ ಗೊತ್ತಿತ್ತು, ಖರೇ. ಆದರ ಕೆಡಿಸಿದವ ಬ್ಯಾರೆ ಇರಬಹುದಲ್ರಿ?”

ಹಾಗೆಂದು ನಾನು ತಲೆ ತಗ್ಗಿಸಿದಾಗಲೇ ರೇಣವ್ವನ ಕಾಲುಂಗುರ ಕಂಡವು. ಬೆಳ್ಳಿಯವು. ಇದ್ದಿಲಿನಂತೆ ಕಪ್ಪಾಗಿದ್ದವು. ಕೂಡಲೇ ಮಾಬೂಬಿಯ ಕೈ ನೋಡಿದೆ. ಮೊಳಕೈತನಕ ನೀಲಿ. ನಾಲ್ವತ್ತು ವರ್ಷ ಗಡಿಗೆಯಲ್ಲಿ ಅದ್ದಿ ತೆಗೆದ ಬೆಳ್ಳಿ ಬಳೆ ಮಾತ್ರ ಬೆಳ್ಳಗೇ ಹೊಳೆಯುತ್ತಿತ್ತು.

“ಕಾರಖಾನಿಗೆ ಹೋಗೂಣ್ರಿ,” ಎಂದೆ. “ಎಲ್ಲಾರೂ ಬರ್ರಿ.”

*

ಕಾರಖಾನೆಯ ಮಾಲೀಕ ಗುರುಶಿದ್ದಪ್ಪ ಸಾಹುಕಾರ ಗಾದಿಯ ಮೇಲೆ ಲೋಡಿಗೆ ಒರಗಿ ಕುಳಿತಿದ್ದ. ಆರು ತಿಂಗಳಿಂದ ಅಲ್ಲಿ ವಿಲಾಯತಿಯ ಅಗ್ಗದ ಕಪ್ಪು ಬಣ್ಣ ಕುದಿಯುತ್ತಿತ್ತು.

“ಬಣ್ಣದ ಹೊಲಸು ನೀರು ಎಲ್ಲಿ ಬಿಡತೀರಿ?” ಫೌಜದಾರರು ಕೇಳಿದರು.

“ಹಿತ್ತಲದ ಗುಂಡಿಗೆ.”

“ನಿನ್ನೆ?”

“ನಿನ್ನೆ ಸೋಮವಾರ. ಕಾರಖಾನಿ ಬಂದ್. ನಾ ಧಾರವಾಡದಾಗ, ನಮ್ಮ ಮನ್ಯಾಗ.”

“ಬಣ್ಣದ ಖೋಲಿಗೆ ನೀವು ಹೋಗೂದಿಲ್ಲೇನ್ರಿ?” ನಾನು ಕೇಳಿದೆ.

“ಆ ನಾತದಾಗ? ಅದರ ಹೊಸ್ತಿಲಾನೂ ದಾಟಿಲ್ಲ. ಈ ಓಣಿ ನೀರೂ ಮುಟ್ಟಂಗಿಲ್ಲ.” ಅವನ ದನಿ ಏರಿತು. “ನಂಬಿಕಿ ಇಲ್ಲೇನು? ತಗೋರಿ, ಲಿಂಗದಾಣಿ!”

ಅಂಗಿಯೊಳಗೆ ಕೈ ಹಾಕಿ, ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಎತ್ತಿ ಹಿಡಿದ.

ಕರಡಿಗೆ ರೇಣವ್ವನ ಕಾಲುಂಗುರದಷ್ಟೇ ಕಪ್ಪಾಗಿತ್ತು.

“ಇದ್ಯಾಕ ಹಿಂಗಾಗೇತ್ರಿ, ಸಾಹುಕಾರ್ರ?” ನಾನು ಕೇಳಿದೆ.

“ಬೆವರಿಗೆ.”

ಫೌಜದಾರರು ತಮ್ಮ ಅಂಗಿಯ ಗುಂಡಿ ಬಿಚ್ಚಿದರು. ಅವರ ಕೊರಳಲ್ಲೂ ಕರಡಿಗೆ ಇತ್ತು. ಬೆಳ್ಳಗಿತ್ತು. “ನಾ ದಿನಾ ಬಿಸಿಲಾಗ ಊರೆಲ್ಲಾ ತಿರಗತೇನಿ. ನನ್ನ ಬೆವರೇನು ಅತ್ತರೇನು?”

ನಾನು ಬಿಡಿಸಿ ಹೇಳಿದೆ. ಆ ಕಪ್ಪು ಬಣ್ಣದಲ್ಲಿ ಗಂಧಕ ಇದೆ. ಕೊಳೆತ ತತ್ತಿಯ ನಾತ ಅದರದೇ. ಅದರ ಹೊಗೆ ಬಡಿದರೂ ಸಾಕು, ಬೆಳ್ಳಿ ಕಪ್ಪಾಗುತ್ತದೆ. ಬಾವಿಯ ನೀರಿನಲ್ಲಿ ನಿಂತ ರೇಣವ್ವನ ಕಾಲುಂಗುರ ಕಪ್ಪಾದದ್ದೂ ಹಾಗೆಯೇ. ನೀಲಿಗೆ ಆ ಗುಣವಿಲ್ಲ. ಮಾಬೂಬಿಯ ಬಳೆಯೇ ಸಾಕ್ಷಿ. ಸಾಹುಕಾರ ಅಂಗಿ ಬದಲಿಸಿದ, ಕೈ ತೊಳೆದ. ಆದರೆ ಲಿಂಗವಂತ ಕರಡಿಗೆಯನ್ನು ಮೈಮೇಲಿನಿಂದ ತೆಗೆದಿಡುವುದಿಲ್ಲ. ಅವನು ಹೋದಲ್ಲಿಗೆಲ್ಲ ಅದೂ ಹೋಗಿತ್ತು.

ಆಗ ಫಕೀರಪ್ಪ ಮುಂದೆ ಬಂದ.

“ಶನಿವಾರ ಗುಂಡಿ ತುಂಬಿತ್ರಿ. ಬಣ್ಣದ ಖೋಲ್ಯಾಗಿನ ತೊಟ್ಟಿ ಬೆಣಿ ಕಿತ್ತು ಹೊಲಸು ನೀರು ಬಾವಿ ಕಡೆ ಬಿಡ್ರಿ ಅಂದ್ರು ಸಾಹುಕಾರ್ರು. ನಮ್ಮ ಮಕ್ಕಳು ಕುಡಿಯೂ ನೀರದು, ಆಗಂಗಿಲ್ಲ ಅಂದ್ವಿ. ಒಬ್ಬನೂ ಕೈ ಹಚ್ಚಲಿಲ್ಲ.”

“ಮತ್ತ ಮುಂಜಾನಿಂದ ಯಾಕ ಬಾಯಿ ಬಿಡಲಿಲ್ಲ?” ರೇಣವ್ವ ಗಂಡನ ಎದುರಿಗೆ ಬಂದು ನಿಂತಳು. “ನಾ ಆ ಮುದುಕಿಗೆ ಬೈಯಾಕತ್ತಾಗ?”

“ಕೆಲಸ ಹೋದೀತಂತ.”

ಆಳುಗಳು ಒಪ್ಪದಿದ್ದಾಗ ಯಜಮಾನನೇ ಸೋಮವಾರ ಸಂಜೆ ಒಬ್ಬನೇ ಬಂದು ಬೆಣೆ ಕಿತ್ತಿದ್ದ. ತಪ್ಪು ಮಾಬೂಬಿಯ ಮೇಲೆ ಬರಲೆಂದು ಅವಳ ಹಿತ್ತಲಲ್ಲಿ ಬಿದ್ದಿದ್ದ ಒಡಕು ಗಡಿಗೆ ಬಾವಿಗೆ ಎಸೆದಿದ್ದ.

“ಇನ್ನೊಂದು ಗುಂಡಿಗೆ ಜಾಗಾ ಎಲ್ಲೈತ್ರಿ?” ಗುರುಶಿದ್ದಪ್ಪ ಸಿಡಿದ. “ಊರು ಬೆಳೀಬೇಕಂದ್ರ ಇಷ್ಟು ಆಗೂದನ.”

“ಯಾರ ನೀರು ಕುಡದು ಬೆಳೀತೈತಿ ಊರು?” ಮಾಬೂಬಿ ಕೇಳಿದಳು. “ನೀ ಧಾರವಾಡದ ನೀರು ಕುಡೀತಿ. ಬಾ, ಇವತ್ತು ಇಲ್ಲೀದು ಒಂದು ತಂಬಿಗಿ ಕುಡಿ. ನಾನ ಸೇದಿ ಕೊಡತೇನಿ.”

ಫೌಜದಾರರು ಅವನನ್ನು ಎಬ್ಬಿಸಿಕೊಂಡು ಹೊರಟರು.

*

ಕಾರಖಾನೆಗೆ ಬೀಗ ಬಿತ್ತು. ಫಕೀರಪ್ಪನ ಕೆಲಸ ಹೋಯಿತು. ಆ ಕಪ್ಪು ನೂಲು ಇನ್ನು ಮಗ್ಗ ಏರುವುದಿಲ್ಲವೆಂದು ನೇಕಾರರು ಒಕ್ಕೊರಲಿನಿಂದ ಸಾರಿದರು. ಓಣಿಯೆಲ್ಲ ಸೇರಿ ಬಾವಿ ಬರಿದು ಮಾಡತೊಡಗಿತು. ಫಕೀರಪ್ಪ ಹಗ್ಗದ ತುದಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ.

ಮೂರನೆಯ ದಿನ ಮಧ್ಯಾಹ್ನ ನಾನು ಮಾಬೂಬಿಯ ಮನೆಯಲ್ಲಿದ್ದೆ. ಹದಕ್ಕೆ ಬಂದ ಗಡಿಗೆ ಬಿಟ್ಟು ಅವಳು ಏಳುವಂತಿರಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು.

ರೇಣವ್ವ. ಕಾಲುಂಗುರ ಇನ್ನೂ ಕಪ್ಪಗೇ ಇದ್ದವು.

ಒಳಗೆ ಬಂದು, ಬುತ್ತಿಯ ಗಂಟು ತಾನೇ ಬಿಚ್ಚಿದಳು. ಬಿಸಿ ಜೋಳದ ರೊಟ್ಟಿ, ಮೇಲೆ ಬದನೆಕಾಯಿ ಎಣ್ಣೆಗಾಯಿ. ಖಾಲಾ ಕೋಲು ಬದಿಗಿಟ್ಟು ಕೈ ಚಾಚಿದಳು. ರೇಣವ್ವ ಆ ನೀಲಿ ಅಂಗೈಯಲ್ಲಿ ರೊಟ್ಟಿ ಇಟ್ಟಳು.