ಹಿಂದಿನ ಗಾಜಿನ ಮೇಲೆ ಎರಡು ಹೆಸರು

ಕಾರಿನ ಗಾಜಿಗೆ ಅಂಟಿಸಿದ ಹಳೇ ಕಪ್ಪು ಫಿಲ್ಮ್ ಕೀಳಿಸುವುದಕ್ಕೆ ಚಿಕ್ಕಬಳ್ಳಾಪುರದಲ್ಲಿ ಅಂಗಡಿಗಳಿಗೇನು ಬರವಿರಲಿಲ್ಲ. ಗುರುವಾರ ಏನೋ ಕೆಲಸಕ್ಕೆ ಹೋದಾಗ ಪೊಲೀಸಿನವರು ಕಾರು ತಡೆದು, "ವಾರದೊಳಗೆ ತೆಗೆಸಿಬಿಡಿ ಮೇಡಂ" ಎಂದು ಎಚ್ಚರಿಸಿದ್ದೂ ಅಲ್ಲಿಯೇ. ಆದರೂ ಶಿರೀಷಾ ಭಾನುವಾರ ಬೆಳಗ್ಗೆ ಒಂಬತ್ತಕ್ಕೆಲ್ಲ ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ, ಮುರಳಿಮೋಹನನ ಸೀಟ್ ಕವರ್, ಸ್ಟಿಕರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದಳು. ನಮ್ಮ ಕೆಂಚಾರ್ಲಹಳ್ಳಿಯಿಂದ ಇದೇ ಹತ್ತಿರ ಎಂದು ಅಮ್ಮನಿಗೆ ಸಬೂಬು ಹೇಳಿದ್ದಳು. ಅಮ್ಮ ನಂಬಿದಳೋ ಬಿಟ್ಟಳೋ ಗೊತ್ತಿಲ್ಲ.

ಸಂಜೆ ನಾಲ್ಕಕ್ಕೆ ಗೌರಿಬಿದನೂರಿನಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು. ಅಷ್ಟರೊಳಗೆ ಶಿರೀಷಾಗೆ ಒಂದು ವಿಷಯ ಗೊತ್ತಾಗಲೇಬೇಕಿತ್ತು. ತನಗಿಂತ ಮೂರು ವರ್ಷ ದೊಡ್ಡವನಾದ ಈ ಮನುಷ್ಯ ಮೂರು ತಿಂಗಳಿಂದ ತನ್ನನ್ನು ಯಾಕೆ "ಅಕ್ಕ" ಎನ್ನುತ್ತಿದ್ದಾನೆ?

ಮೊದಲು ಹೀಗಿರಲಿಲ್ಲ. ಅವಳು ಚಿಂತಾಮಣಿಯ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದ ಎರಡು ವರ್ಷದಲ್ಲಿ ಅವಳ ಸ್ಕೂಟರಿಗೆ ಸೀಟ್ ಕವರ್, ಕನ್ನಡಿ, ನಂಬರ್ ಪ್ಲೇಟ್ ಎಲ್ಲ ಹಾಕಿಕೊಟ್ಟವನು ಇವನೇ. ಶಾಲೆ ಬಿಡುವ ಹೊತ್ತಿಗೆ ಅಂಗಡಿಯಿಂದ ಹೊರಗೆ ಬಂದು, ಏನೂ ಕೆಲಸವಿಲ್ಲದವನಂತೆ ಆಕಾಶ ನೋಡುತ್ತಾ ನಿಲ್ಲುತ್ತಿದ್ದ. ಅವಳೂ ಏನು ಕಡಿಮೆ? ನೆಟ್ಟಗಿದ್ದ ಕನ್ನಡಿಯನ್ನು ತಿರುಚಿಕೊಂಡು ಬಂದು, "ಮತ್ತೆ ಲೂಸ್ ಆಗಿದೆ ನೋಡಿ" ಎನ್ನುತ್ತಿದ್ದಳು. "ಈ ಕನ್ನಡಿಗೆ ನಿಮ್ಮ ಮುಖ ನೋಡೋಕೆ ನಾಚ್ಕೆ ಮೇಡಂ, ಅದಕ್ಕೇ ತಿರುಗಿಕೊಳ್ಳುತ್ತೆ" ಎಂದು ಅವನು ನಗುತ್ತಿದ್ದ.

ಮೂರು ತಿಂಗಳ ಹಿಂದೆ ಕಾರು ಕೊಂಡಾಗ ಅವಳು ದೇವಸ್ಥಾನಕ್ಕೂ ಮುಂಚೆ ಬಂದದ್ದು ಇಲ್ಲಿಗೆ. "ನನ್ನ ಕಾರು. ಹೆಂಗಿದೆ?" ಎಂದು ಹೆಮ್ಮೆಯಿಂದ ಕೇಳಿದ್ದಳು. ಅವನು ಒಂದು ಸುತ್ತು ಬಂದ, ಹಿಂದೆ ಹೋಗಿ ನಿಂತ, ತಿರುಗಿ ಬಂದಾಗ ಮುಖ ಸಣ್ಣಗಾಗಿತ್ತು. "ಚೆನ್ನಾಗೈತೆ ಅಕ್ಕ" ಎಂದ. ಅಂದಿನಿಂದ ಆಕಾಶ ನೋಡುವುದೂ ನಿಂತಿತು, ನಗುವುದೂ ನಿಂತಿತು. ಅವಳ ನಿದ್ದೆ ಮಾತ್ರ ಕೆಟ್ಟಿತು.

"ಏನಕ್ಕ, ಭಾನುವಾರ ಬಂದಿದೀರಾ?" ಮುರಳಿ ಅಂಗಡಿಯ ಷಟರ್ ಎತ್ತುತ್ತಾ ಕೇಳಿದ. "ಇವತ್ತು ಕೆಲಸದೋರು ಯಾರೂ ಇಲ್ಲ. ನಾಳೆ ಬಿಟ್ಟು ಹೋಗಿ."

"ನಾಳೆ ಆಗಲ್ಲ. ಇವತ್ತೇ ಆಗ್ಬೇಕು. ನಾನೇ ಕೈ ಹಾಕ್ತೀನಿ ಬಿಡಿ."

ಅವನು ಬೇಡ ಎನ್ನಲು ಬಾಯಿ ತೆರೆದ. ಅವಳು ಆಗಲೇ ದುಪಟ್ಟಾ ಸೊಂಟಕ್ಕೆ ಬಿಗಿದು ಕಾರಿನೊಳಗೆ ಕೂತಿದ್ದಳು.

ಫಿಲ್ಮ್ ಹಳೆಯದು. ಬಿಸಿಲಿಗೆ ನೇರಳೆ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಬೊಬ್ಬೆ ಎದ್ದಿತ್ತು. ಅವನು ಹೊರಗಿನಿಂದ ಗಾಜಿಗೆ ಬಿಸಿಗಾಳಿ ಹಿಡಿಯಬೇಕು, ಒಳಗೆ ಕೂತವಳು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನಿಧಾನಕ್ಕೆ ಎಳೆಯಬೇಕು. ನಿಧಾನ ಎನ್ನುವುದು ಅವಳ ಜಾತಕದಲ್ಲೇ ಇರಲಿಲ್ಲ. ಇವತ್ತಂತೂ ಗಂಟೆಗೆ ಹತ್ತು ಸಲ ಗಡಿಯಾರ ನೋಡುವ ದಿನ. ಎಳೆದದ್ದೇ ತಡ, ಫಿಲ್ಮ್ ಪರ್ರೆಂದು ಹರಿದು ಚೂರು ಕೈಗೆ ಬಂತು.

"ಅಕ್ಕ, ಆತುರ ಮಾಡಿದ್ರೆ ಚೂರು ಚೂರಾಗುತ್ತೆ. ಗಮ್ ಎಲ್ಲ ಗಾಜಲ್ಲೇ ಉಳ್ಕೊಳ್ಳುತ್ತೆ."

"ಆತುರ ಇದೆ. ಏನ್ಮಾಡ್ಲಿ?"

"ಬಿಸಿ ಏರೋವರ್ಗೂ ಕಾಯಿರಿ."

ಎರಡನೆಯ ಗಾಜಿಗೆ ಅವಳು ಹಲ್ಲು ಕಚ್ಚಿ ಕಾದಳು. ಕಪ್ಪು ಗಾಜಿನಾಚೆ ಅವನು ಬರೀ ನೆರಳಾಗಿದ್ದ. ಮೇಲಿನ ಮೂಲೆಯಿಂದ ಫಿಲ್ಮ್ ಮೆಲ್ಲಗೆ ಬಿಟ್ಟುಕೊಂಡು ಇಳಿಯತೊಡಗಿತು. ಮೊದಲು ಅವನ ಕೂದಲು, ಆಮೇಲೆ ಬೆವರಿದ ಹಣೆ, ಆಮೇಲೆ ಕಣ್ಣು. ಗಾಜು ಇನ್ನೂ ಕಪ್ಪಗೇ ಇದೆ, ಒಳಗಿನವಳಿಗೆ ಕಾಣುವುದಿಲ್ಲ ಎಂದು ಅವನು ಧೈರ್ಯವಾಗಿ ನೋಡುತ್ತಿದ್ದನೋ ಏನೋ, ಕಣ್ಣು ಕಣ್ಣಿಗೆ ಸಿಕ್ಕಿಬಿತ್ತು. ತಕ್ಷಣ ತಲೆ ತಗ್ಗಿಸಿದ. ಅಷ್ಟರಲ್ಲಿ ಅವಳು ನೋಡಬೇಕಾದ್ದನ್ನು ನೋಡಿಯಾಗಿತ್ತು. ಅಕ್ಕನನ್ನು ಯಾರೂ ಹಾಗೆ ನೋಡುವುದಿಲ್ಲ.

ಹಾಗಾದರೆ ಯಾಕೆ ಈ ದೂರ? ಉಳಿದೆರಡು ಗಾಜು ಮುಗಿಯುವಷ್ಟರಲ್ಲಿ ಕೇಳಬೇಕೆಂದು ಐದು ಸಲ ಬಾಯಿ ತೆರೆದಳು, ಐದು ಸಲವೂ "ಈ ಕಡೆ ಬಿಸಿ ಸಾಲ್ದು" ಎಂದಷ್ಟೇ ಹೇಳಿದಳು.

ಕೊನೆಗೆ ಉಳಿದದ್ದು ಹಿಂದಿನ ಗಾಜು. ಅದರಲ್ಲಿ ಮಂಜು ಕರಗಿಸುವ ಸಣ್ಣ ತಂತಿಗೆರೆಗಳಿರುವುದರಿಂದ ಬ್ಲೇಡು ತಾಗಿಸುವಂತಿಲ್ಲ. ಮುರಳಿ ಫಿಲ್ಮಿಗೆ ಸೋಪಿನ ನೀರು ಹೊಡೆದು, ಗಾಜಿನ ಹೊರಬದಿಯನ್ನು ಬಟ್ಟೆಯಿಂದ ಒರೆಸುತ್ತಾ ಹಳದಿ ಸ್ಟಿಕರ್ ಅಕ್ಷರಗಳ ಹತ್ತಿರ ಕೈ ತಡೆದ. ಅಲ್ಲಿ "ಯಶಿಕಾ – ಚಿರಂತ್" ಎಂದು ಬರೆದಿತ್ತು.

"ಬಿಸಿ ಗಾಳಿಗೆ ಈ ಅಕ್ಷರ ಮುದುರಿಬಿಡುತ್ತೆ. ಹುಷಾರಾಗಿ ಮಾಡ್ತೀನಿ ಅಕ್ಕ. ಮಕ್ಕಳ ಹೆಸರು ಹಾಳಾದ್ರೆ ಮನಸ್ಸಿಗೆ ಬೇಜಾರು."

"ಯಾರ ಮಕ್ಕಳು?"

"ನಿಮ್ಮ ಮಕ್ಕಳು."

ಶಿರೀಷಾ ಕಾರಿನಿಂದ ಇಳಿದು ಬಂದು ಅವನೆದುರು ನಿಂತಳು. "ಮುರಳಿ, ಇದು ಸೆಕೆಂಡ್ ಹ್ಯಾಂಡ್ ಕಾರು. ಮುದ್ದೇನಹಳ್ಳಿ ಹತ್ರ ಒಬ್ರು ಲೆಕ್ಚರರ್ ಹತ್ರ ತಗೊಂಡಿದ್ದು. ಆ ಮಕ್ಕಳ ಮುಖಾನೂ ನಾನು ನೋಡಿಲ್ಲ, ಹೆಸರು ತೆಗೆಸೋಕೆ ಮರ್ತೇ ಹೋಗಿತ್ತು. ನಂಗೆ ಮದ್ವೇನೇ ಆಗಿಲ್ಲ!"

ಒರೆಸುವ ಬಟ್ಟೆ ಅವನ ಕೈಯಿಂದ ಜಾರಿ ಬಿತ್ತು.

"ಗಂಡನ ಹಳೇ ಕಾರು ನಿಮ್ಮ ಕೈಗೆ ಬಂದೈತೆ ಅಂದ್ಕೊಂಡೆ" ಎಂದ. "ಈ ಅಕ್ಷರ ಕಟ್ ಮಾಡೋದೇ ನನ್ನ ಕೆಲಸ. ಆರು ವರ್ಷದಲ್ಲಿ ಯಾರೋ ಮಕ್ಕಳ ಹೆಸರು ಹಾಕ್ಕೊಂಡು ಓಡಾಡೋರ್ನ ಒಬ್ರನ್ನೂ ನೋಡಿಲ್ಲ."

"ಕೇಳ್ಬೋದಿತ್ತಲ್ವಾ?"

"ಏನಂತ ಕೇಳ್ಲಿ? ಈ ಮಕ್ಕಳು ನಿಮ್ಮವೇನಾ ಅಂತಾನಾ? ಮದ್ವೆ ಆದೋರ ಜೊತೆ ಎರಡು ವರ್ಷ ಹಲ್ಲು ಕಿರಿದ್ಬಿಟ್ನಲ್ಲ ಅಂತ ನಾಚ್ಕೆ ಆಗೋಯ್ತು ನಂಗೆ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಒತ್ತಿಕೊಂಡು ಬಂತು. ಮೂರು ತಿಂಗಳು ಅವಳು ತನ್ನ ಬಣ್ಣ, ಮಾತು, ನಡಿಗೆ ಎಲ್ಲದರಲ್ಲೂ ತಪ್ಪು ಹುಡುಕಿಕೊಂಡಿದ್ದಳು. ಈ ಪುಣ್ಯಾತ್ಮ ಗಾಜಿನ ಮೇಲಿನ ಎರಡು ಹೆಸರಿಗೆ ಹೆದರಿ ಕೂತಿದ್ದ.

"ಮುರಳಿ, ನನ್ನ ನೋಡೋಕೆ ಇವತ್ತು ನಾಲ್ಕು ಗಂಟೆಗೆ ಗಂಡಿನ ಕಡೆಯೋರು ಬರ್ತಾರೆ. ನಿಮಗೇನಾದ್ರೂ ಹೇಳೋದಿದ್ರೆ ಈಗ ಹೇಳಿ."

ಅವನು ಅವಳನ್ನು ನೋಡಿದ. ಈ ಸಲ ತಲೆ ತಗ್ಗಿಸಲಿಲ್ಲ. "ಹೇಳ್ಬಾರ್ದು, ಹೇಳ್ಬಾರ್ದು ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಈಗ ಒಂದೇ ಸಲಕ್ಕೆ ಹೇಳಿ ಅಂದ್ರೆ ಮಾತೇ ಬರ್ತಿಲ್ಲ. ನೀವು ನಂಗೆ ಬೇಕು. ಅವರ ಮುಂದೆ ಹೋಗಿ ಕೂತ್ಕೋಬೇಡಿ."

ಇಷ್ಟು ಸಾಕಾಗಿತ್ತು. ಅವಳು ಅಲ್ಲೇ ನಿಂತು ಅಪ್ಪ ರಾಮಾಂಜಿನಪ್ಪನಿಗೆ ಫೋನ್ ಮಾಡಿದಳು. ಯೋಚಿಸುತ್ತಾ ಕೂತರೆ ಧೈರ್ಯ ಸೋರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಪ್ಪಾ, ಗೌರಿಬಿದನೂರವರಿಗೆ ಬರ್ಬೇಡಿ ಅಂತ ಹೇಳ್ಬಿಡಪ್ಪ."

ಆ ಕಡೆ ಬಾಣಲೆಯಲ್ಲಿ ರವೆ ಹುರಿಯುವ ಸದ್ದು ಕೇಳುತ್ತಿತ್ತು. "ಏನಮ್ಮಾ ಆಯ್ತು?"

"ನಂಗೆ ಬೇರೆಯೋರು ಇಷ್ಟ. ಅವರೂ ಈಗ ತಾನೆ ಹೇಳಿದ್ರು."

"ಈಗ ತಾನೆ ಹೇಳಿದ ಮಾತಿಗೆ ನಾನು ಕೊಟ್ಟ ಮಾತು ಮುರೀಬೇಕೇನಮ್ಮಾ?"

"ಹೇಳಿದ್ದು ಈಗ. ಮನಸ್ಸಲ್ಲಿ ಎರಡು ವರ್ಷದಿಂದ ಐತೆ ಅಪ್ಪಾ. ಅದನ್ನ ಇಟ್ಕೊಂಡು ಆ ಹುಡುಗನ ಮುಂದೆ ಕಾಫಿ ಹಿಡ್ಕೊಂಡು ನಿಂತ್ರೆ ಅವನಿಗೂ ಮೋಸ ಅಲ್ವಾ?"

ರಾಮಾಂಜಿನಪ್ಪ ಫೋನ್ ಹಿಡಿದು ಅಂಗಳಕ್ಕೆ ನಡೆದದ್ದು ಕೇಳಿಸಿತು. "ಪಕ್ಕದಲ್ಲೇ ಅವ್ನಾ? ಫೋನ್ ಕೊಡು."

ಮುರಳಿ ಗಮ್ ಅಂಟಿದ ಕೈಯಲ್ಲೇ ಫೋನ್ ಹಿಡಿದು ನೆಟ್ಟಗೆ ನಿಂತ. "ನಮಸ್ಕಾರ ಸಾರ್. ಮುರಳಿಮೋಹನ್. ದಿಬ್ಬೂರಹಳ್ಳಿ ಮುನಿಶಾಮಪ್ಪನವರ ಮಗ... ಹೌದು ಸಾರ್... ಇಲ್ಲ ಸಾರ್, ತಮಾಷೆಗಲ್ಲ." ಆಮೇಲೆ ಬರೀ ಕೇಳಿಸಿಕೊಂಡ. ಶಿರೀಷಾ ಅವನ ಮುಖದಲ್ಲಿ ಏನೂ ಓದಲಾರದೆ ಉಗುರು ಕಚ್ಚಿದಳು. ಕೊನೆಗೆ "ಆಗ್ಲಿ ಸಾರ್" ಎಂದು ಫೋನ್ ಇಟ್ಟ.

"ಏನಂದ್ರು? ಬೇಗ ಹೇಳಿ!"

"'ಅವರ ಹತ್ರ ಬೈಸ್ಕೊಳ್ಳೋದು ನಾನು ಬೈಸ್ಕೊಂತೀನಿ. ಆದ್ರೆ ಆ ನಾಲ್ಕು ಗಂಟೆಗೆ ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ನೀನು ಬರ್ಬೇಕು. ಬರ್ದೆ ಹೋದ್ರೆ ನಿನ್ನ ನಂಬಿದ್ದಕ್ಕೆ ನನ್ನ ಮಗಳಿಗೆ ಮುಖ ತೋರ್ಸೋಕೆ ನಂಗಾಗಲ್ಲ' ಅಂದ್ರು."

"ಬರ್ತೀರಾ?"

ಅವನು ಆಗಲೇ ಷಟರ್ ಎಳೆಯುತ್ತಿದ್ದ. ಹಿಂದಿನ ಗಾಜಿನ ಕೆಲಸ ಅರ್ಧಕ್ಕೇ ನಿಂತಿತ್ತು. "ದಿಬ್ಬೂರಹಳ್ಳಿಗೆ ಹೋಗಿ ಅವರನ್ನ ಒಪ್ಪಿಸ್ಬೇಕು, ಹೊರಡಿಸ್ಬೇಕು. ನನ್ನ ಬೈಕಲ್ಲಿ ಮೂರು ಜನ ಹಿಡಿಯಲ್ಲ. ನಿಮ್ಮ ಕಾರಲ್ಲೇ ಹೋಗಣ್ವಾ?"

ಶಿರೀಷಾ ಕಾರು ಸ್ಟಾರ್ಟ್ ಮಾಡಿದಳು. ಅವನು ಪಕ್ಕದಲ್ಲಿ ಕೂತ. ಈಗ ಕಿಟಕಿಗಳಲ್ಲಿ ಮರೆಯೆನ್ನುವುದೇ ಇರಲಿಲ್ಲ. ಎದುರಿನ ಟೀ ಅಂಗಡಿಯ ಅಕ್ಕಯ್ಯಮ್ಮ ಲೋಟ ತೊಳೆಯುವುದನ್ನು ಬಿಟ್ಟು ಇಬ್ಬರನ್ನೂ ಕಣ್ಣರಳಿಸಿ ನೋಡಿದಳು. ಸಂಜೆಯೊಳಗೆ ಚಿಂತಾಮಣಿಗೆಲ್ಲ ಸುದ್ದಿ ಮುಟ್ಟುತ್ತದೆ ಎಂದು ಶಿರೀಷಾಗೆ ಗೊತ್ತಿತ್ತು. ಅವಳು ಅಕ್ಕಯ್ಯಮ್ಮನಿಗೆ ಕೈ ಬೀಸಿ ದಿಬ್ಬೂರಹಳ್ಳಿಯ ಕಡೆಗೆ ಕಾರು ತಿರುಗಿಸಿದಳು.